ಮುಪ್ಪಿನ ಆರೈಕೆಗೆ ಮುನ್ನೆಚ್ಚರಿಕೆ

ಕಾಯಕವೇ ಬದುಕಿನ ಉಸಿರೆಂದು ನಂಬಿದ ಶರಣ ಪರಂಪರೆ ನಮ್ಮದು. ಆದರೆ ಕಾಯವೇ ಸೋತು, ಕೈ ತುತ್ತನ್ನೂ ಎತ್ತಲಾರದ ದಿನ ಬಂದರೆ? ಪಾರ್ಶ್ವವಾಯು, ಮರೆವಿನ ರೋಗ, ಮೂಳೆಮುರಿತಗಳಿಂದ ಹಾಸಿಗೆ ಹಿಡಿದ ಹಿರಿಯರಿಗೆ ವರ್ಷಗಟ್ಟಲೆ ಆರೈಕೆ ಬೇಕಾಗುತ್ತದೆ. ಆ ವೆಚ್ಚದಲ್ಲಿ ಸರ್ಕಾರ ಹೊರುವ ಪಾಲೆಷ್ಟು, ಉಳಿದುದಕ್ಕೆ ಮಾಡಿಕೊಳ್ಳಬೇಕಾದ ಸಿದ್ಧತೆಯೇನು ಎಂಬುದನ್ನು ಸದ್ಭಕ್ತರ ಮುಂದಿಡಬಯಸುತ್ತೇವೆ.

ಸರ್ಕಾರದ ನೆರವು ಪಡೆಯುವುದು ಮರ್ಯಾದೆಗೆ ಕುಂದೆಂಬ ಭಾವನೆ ನಮ್ಮ ಅನೇಕ ಮನೆಗಳಲ್ಲಿದೆ. ಅದು ಸಲ್ಲದು. ದುಡಿವ ದಿನಗಳಲ್ಲಿ ತೆರಿಗೆ ತೆತ್ತವರು ದುಡಿಯಲಾರದ ದಿನಗಳಲ್ಲಿ ಆ ಬೊಕ್ಕಸದಿಂದ ಪಡೆಯುವುದು ಭಿಕ್ಷೆಯಲ್ಲ. ದಾಸೋಹದಲ್ಲಿ ಬಡಿಸಿದವರೇ ಮುಂದಿನ ಪಂಕ್ತಿಯಲ್ಲಿ ಕುಳಿತು ಉಂಡಂತೆ ಅದು.

ಬಡ ಕುಟುಂಬಗಳಿಗೆ ಮೊದಲ ಆಸರೆ ಮಾಸಾಶನ. ಕರ್ನಾಟಕವು 2007ರಲ್ಲಿ ಆರಂಭಿಸಿದ ಸಂಧ್ಯಾ ಸುರಕ್ಷಾ ಯೋಜನೆಯಲ್ಲಿ 65 ವರ್ಷ ತುಂಬಿದ ಸಣ್ಣ ರೈತರು, ಕೃಷಿ ಕೂಲಿಕಾರರು, ನೇಕಾರರು ಮೊದಲಾದವರಿಗೆ ತಿಂಗಳಿಗೆ 1,200 ರೂಪಾಯಿ ದೊರೆಯುತ್ತದೆ. ನಾಡಕಚೇರಿಯಲ್ಲಿ ಅರ್ಜಿ ಸಲ್ಲಿಸಬೇಕು. ಆಧಾರ್ ಮತ್ತು ಪಡಿತರ ಚೀಟಿಗಳಲ್ಲಿ ಹೆಸರು, ವಯಸ್ಸು ತಾಳೆಯಾಗುತ್ತವೆಯೇ ಎಂದು ಕಾಲಲ್ಲಿ ಕಸುವಿರುವಾಗಲೇ ನೋಡಿ ತಿದ್ದಿಸಿಕೊಳ್ಳುವುದು ಜಾಣತನ.

ಎರಡನೆಯದು ಆಸ್ಪತ್ರೆಯ ನೆರವು. ಆಯುಷ್ಮಾನ್ ಭಾರತ ಯೋಜನೆಯಡಿ ಅರ್ಹ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಗಳವರೆಗೆ ಒಳರೋಗಿ ಚಿಕಿತ್ಸೆಯುಂಟು. 2024ರ ಅಕ್ಟೋಬರಿನಲ್ಲಿ ಕೇಂದ್ರ ಸರ್ಕಾರವು ಆದಾಯದ ಮಿತಿಯಿಲ್ಲದೆ 70 ದಾಟಿದವರೆಲ್ಲರಿಗೂ ಇದನ್ನು ವಿಸ್ತರಿಸಿತು. ತಮ್ಮ ಜಿಲ್ಲೆಯ ಯಾವ ಆಸ್ಪತ್ರೆಯಲ್ಲಿ ಈ ಸೌಲಭ್ಯವಿದೆಯೆಂದು ಮೊದಲೇ ವಿಚಾರಿಸಿಕೊಂಡಿರಬೇಕು.

ಇಲ್ಲಿಯೇ ಒಂದು ಸತ್ಯವನ್ನು ಮನಗಾಣಬೇಕು. ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ ಮಗ್ಗುಲು ಬದಲಿಸುವ, ಸ್ನಾನ ಮಾಡಿಸುವ, ಊಟ ಮಾಡಿಸುವ ಆಳಿನ ಸಂಬಳವನ್ನು ಈ ಯೋಜನೆಗಳು ಕೊಡುವುದಿಲ್ಲ. ಅಷ್ಟಿಷ್ಟು ಹೊಲಮನೆಯುಳ್ಳ ಮಧ್ಯಮ ವರ್ಗದವರಿಗೆ ಮಾಸಾಶನವೂ ಸಿಗದು. ಅವರ ಪಾಲಿಗೆ ಆ ಹೊಲಮನೆಯೇ ಮುಪ್ಪಿನ ಬುತ್ತಿ. ಬುತ್ತಿಯನ್ನು ದಾರಿಯ ಆರಂಭದಲ್ಲೇ ಕೊಟ್ಟುಬಿಟ್ಟವರು ಮುಂದೆ ಹಸಿಯುತ್ತಾರೆ.

ಆದುದರಿಂದ ಮಮತೆಯ ಭರದಲ್ಲಿ ಮಕ್ಕಳ ಹೆಸರಿಗೆ ದಾನಪತ್ರ ಬರೆಯುವ ಮುನ್ನ ಹಿರಿಯರು ಯೋಚಿಸಬೇಕು. ಮೃತ್ಯುಪತ್ರವನ್ನು ಬದುಕಿರುವವರೆಗೆ ಬದಲಿಸಬಹುದು. ನೋಂದಣಿಯಾದ ದಾನಪತ್ರವನ್ನು ಮನಬಂದಂತೆ ಹಿಂಪಡೆಯಲಾಗದು. ಕೊಡಲೇಬೇಕಾದರೆ, ನಮ್ಮನ್ನು ಕೊನೆಯವರೆಗೆ ನೋಡಿಕೊಳ್ಳತಕ್ಕದ್ದು ಎಂಬ ಷರತ್ತು ಪತ್ರದಲ್ಲಿಯೇ ಇರಲಿ. ಪಾಲಕರ ಮತ್ತು ಹಿರಿಯ ನಾಗರಿಕರ ಪೋಷಣೆಯ 2007ರ ಕಾಯ್ದೆಯ 23ನೆಯ ಕಲಮಿನಂತೆ ಆ ಷರತ್ತು ಮುರಿದರೆ ವರ್ಗಾವಣೆಯನ್ನು ರದ್ದುಗೊಳಿಸಬಹುದು. ಷರತ್ತಿಲ್ಲದಿದ್ದರೆ ಈ ಕಲಮು ಅನ್ವಯಿಸದೆಂದು ಸರ್ವೋಚ್ಚ ನ್ಯಾಯಾಲಯ 2022ರಲ್ಲಿ ಹೇಳಿತು. 2025ರ ಜನವರಿಯಲ್ಲಿ ಅದೇ ನ್ಯಾಯಾಲಯ, ಮಗ ಪ್ರತ್ಯೇಕವಾಗಿ ಬರೆದುಕೊಟ್ಟಿದ್ದ ವಾಗ್ದಾನವನ್ನು ಗಮನಿಸಿ ತಾಯಿಯ ದಾನಪತ್ರವನ್ನು ರದ್ದುಪಡಿಸಿತು. ಬಾಯಿಮಾತಿಗಿಂತ ಬರೆಹಕ್ಕೆ ಬೆಲೆಯೆಂಬುದು ಇದರಿಂದ ಸ್ಪಷ್ಟ.

ಪೋಷಿಸದ ಮಕ್ಕಳಿಂದ ಜೀವನಾಂಶ ಕೋರಿ ಉಪವಿಭಾಗಾಧಿಕಾರಿಗಳ ನ್ಯಾಯಮಂಡಳಿಗೆ ಅರ್ಜಿ ಸಲ್ಲಿಸಲೂ ಇದೇ ಕಾಯ್ದೆ ಅವಕಾಶವಿತ್ತಿದೆ. ಮಾರ್ಗದರ್ಶನಕ್ಕೆ 14567 ಎಂಬ ಉಚಿತ ಸಹಾಯವಾಣಿಯಿದೆ.

ಇನ್ನೊಂದು ಎಚ್ಚರಿಕೆ. ಹಿರಿಯರು ಬರೆದುಕೊಟ್ಟ ಸಾಮಾನ್ಯ ಅಧಿಕಾರಪತ್ರವು ಅವರ ಬುದ್ಧಿಸ್ಥಿಮಿತ ತಪ್ಪಿದೊಡನೆ ಬಲ ಕಳೆದುಕೊಳ್ಳುತ್ತದೆ. ಆದಕಾರಣ ಬ್ಯಾಂಕಿನ ಜಂಟಿ ಖಾತೆ, ನಾಮನಿರ್ದೇಶನ, ಮೃತ್ಯುಪತ್ರಗಳನ್ನು ನೆನಪು ಚುರುಕಾಗಿರುವಾಗಲೇ, ಬಲ್ಲ ವಕೀಲರ ಸಲಹೆ ಪಡೆದು ಪೂರೈಸಬೇಕು.

ಇಷ್ಟೆಲ್ಲ ಬರೆದುದು ಮಕ್ಕಳ ಮೇಲಿನ ಅಪನಂಬಿಕೆಯಿಂದಲ್ಲ. ಕೈಯಲ್ಲಿ ನಾಲ್ಕು ಕಾಸಿರುವ ಹಿರಿಯರನ್ನು ಸಲಹುವುದು ಸೊಸೆ-ಮಗನಿಗೂ ಹಗುರ. ಹೊರೆಯ ಲೆಕ್ಕ ಮೊದಲೇ ತಿಳಿದ ಮನೆಯಲ್ಲಿ ಜಗಳಕ್ಕೆ ಎಡೆ ಕಡಿಮೆ. ಮಕ್ಕಳನ್ನು ಎದುರು ಕೂರಿಸಿಕೊಂಡು ಈ ಮಾತುಗಳನ್ನು ಇಂದೇ ಆಡಿ ಮುಗಿಸಲಿ ಎಂಬುದು ನಮ್ಮ ಅರಿಕೆ.