ಆಯಿ ತಾನೇ ಏಳಲಿ, ಕೈ ಹತ್ತಿರ ಇರಲಿ

ನಮ್ಮ ಕಡೆ ಹಿರಿಯರು ದವಾಖಾನೆ ಸೇರಿದರೆ ಮನೆಮಂದಿಯೆಲ್ಲ ಮಂಚದ ಸುತ್ತ ನೆರೆಯುತ್ತಾರೆ. ಒಬ್ಬರು ದಿಂಬು ಸರಿಮಾಡಿದರೆ ಇನ್ನೊಬ್ಬರು ಗಂಜಿ ಕುಡಿಸುತ್ತಾರೆ. "ಏಳಬ್ಯಾಡ್ರಿ, ಸುಮ್ನ ಮಲ್ಕೋರಿ" ಅನ್ನುವುದೇ ಪ್ರೀತಿ. ಹುಕ್ಕೇರಿ ತಾಲ್ಲೂಕಿನ ಘೋಡಗೇರಿಯ ನಿವೃತ್ತ ಶಿಕ್ಷಕಿ ನಾನು. ಹೋದ ವರ್ಷ ನ್ಯುಮೋನಿಯಾ ಆಗಿ ಬೆಳಗಾವಿಯಲ್ಲಿ ಒಂಬತ್ತು ದಿನ ಮಲಗಿದ್ದೆ. ಐದನೆಯ ದಿನ ಜ್ವರ ಬಿಟ್ಟಿತು. ಆದರೆ ಕಾಲು ನೆಲಕ್ಕೆ ಊರಿದರೆ ಮೊಣಕಾಲು ಗಡಗಡ ನಡುಗುತ್ತಿದ್ದವು. ರೋಗ ಬಂದದ್ದು ಎದೆಗೆ, ಸೋತದ್ದು ಕಾಲು!

ಹೀಗೇಕೆ ಗೊತ್ತೇ, ಮಕ್ಕಳೇ? ನಮ್ಮ ಸ್ನಾಯುಗಳು ದುಡಿಸಿದಷ್ಟು ದಿನ ಗಟ್ಟಿ. ಅಮೆರಿಕದಲ್ಲಿ ಆರೋಗ್ಯವಂತ ಹಿರಿಯರನ್ನೇ 10 ದಿನ ಹಾಸಿಗೆಯಲ್ಲಿ ಮಲಗಿಸಿ ನೋಡಿದರು. 2007ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ ಅವರ ಕಾಲುಗಳ ಮಾಂಸಖಂಡ ಸುಮಾರು ಒಂದು ಕಿಲೋ ಕರಗಿತ್ತು. ರೋಗವಿಲ್ಲದವರಿಗೇ ಹೀಗಾದರೆ ರೋಗಿಗಳ ಪಾಡೇನು?

ಕಾಲಷ್ಟೇ ಅಲ್ಲ, ತಲೆಯೂ ಗಲಿಬಿಲಿಯಾಗುತ್ತದೆ. ಹಗಲೋ ರಾತ್ರಿಯೋ, ಎದುರಿಗಿರುವವರು ಯಾರೋ ತಿಳಿಯುವುದಿಲ್ಲ. ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಡಾ. ಶಾರನ್ ಇನೌಯೆ ಮತ್ತು ಸಂಗಡಿಗರು ಇದಕ್ಕೆ ಸರಳ ದಾರಿ ಹುಡುಕಿದರು: ಕನ್ನಡಕ ಹಾಕಿಸುವುದು, ಕಿವಿಯ ಯಂತ್ರ ಕೊಡುವುದು, ದಿನ ವಾರ ಹೇಳುವುದು, ನೀರು ಕುಡಿಸುವುದು, ನಡೆದಾಡಿಸುವುದು, ರಾತ್ರಿ ಸದ್ದಿಲ್ಲದೆ ಮಲಗಗೊಡುವುದು. 1999ರಲ್ಲಿ ಪ್ರಕಟವಾದ ಫಲಿತಾಂಶ ನೋಡಿ: ಮಾಮೂಲಿ ಆರೈಕೆಯಲ್ಲಿ 100ರಲ್ಲಿ 15 ಹಿರಿಯರಿಗೆ ಗಲಿಬಿಲಿ ಬಂದರೆ, ಹೀಗೆ ನೋಡಿಕೊಂಡವರಲ್ಲಿ ಸುಮಾರು 10 ಮಂದಿಗೆ ಮಾತ್ರ.

ಇವುಗಳಲ್ಲಿ ಮಕ್ಕಳ ಕೈಯಿಂದ ಆಗದ ಕೆಲಸ ಯಾವುದಿದೆ? ಆರನೆಯ ತರಗತಿಯ ನನ್ನ ಮೊಮ್ಮಗ ರವಿವಾರ ಬಂದವನೇ ನನ್ನ ಕನ್ನಡಕ ಒರೆಸಿ ಕೊಟ್ಟ. ಹಾಳೆಯ ಮೇಲೆ ದಿನ, ತಾರೀಖು ದೊಡ್ಡದಾಗಿ ಬರೆದು ಗೋಡೆಗೆ ಅಂಟಿಸಿದ. ಡಾಕ್ಟರ ಒಪ್ಪಿಗೆ ಪಡೆದು ಫಿಸಿಯೋಥೆರಪಿಯ ಹುಡುಗಿ ನನ್ನನ್ನು ಕುರ್ಚಿಯಲ್ಲಿ ಕೂರಿಸಿ ಊಟ ಮಾಡಿಸಿದಳು, ಬಾಗಿಲ ತನಕ ನಡೆಸಿದಳು. ಮೊಮ್ಮಗ ಪಕ್ಕದಲ್ಲಿ ಹೆಜ್ಜೆ ಎಣಿಸಿದ.

ಊರಿಗೆ ಬರುವ ಮುನ್ನ ಮನೆಯಲ್ಲಿ ದೊಡ್ಡ ಚರ್ಚೆ. "ಇನ್ನ ಆಯಿ ಒಬ್ಬಾಕಿನ ಇರೂದು ಬ್ಯಾಡ, ನಮ್ಮ ಜೋಡಿ ಬೆಳಗಾವ್ಯಾಗ ಇರ್ಲಿ" ಅಂದ ಮಗ. ನಾನು ಒಂದು ತಿಂಗಳ ಗಡುವು ಕೇಳಿದೆ. ಅಷ್ಟರಲ್ಲಿ ನಾನೇ ಜಳಕ ಮಾಡಿ, ಚಹಾ ಕಾಸಿಕೊಂಡರೆ ನನ್ನ ಮನೆ ನನಗೆ. ಮಗ ಒಪ್ಪಿ, ಬಚ್ಚಲಿನಲ್ಲಿ ಹಿಡಿಕೆ ಹಾಕಿಸಿದ, ಜಾರುವ ಚಾಪೆ ತೆಗೆಸಿದ, ದಾರಿಗೆ ರಾತ್ರಿಯ ಬಲ್ಬು ಹಾಕಿಸಿದ. ಸೊಸೆ ತಿಂಗಳಿಡೀ ನನ್ನ ಜೊತೆಗೇ ಇದ್ದಳು. ಅವಳು ಮಾಡಿದ್ದೇ ಎಲ್ಲಕ್ಕಿಂತ ಕಷ್ಟದ ಕೆಲಸ: ನಾನು ಕುಪ್ಪಸದ ಗುಂಡಿ ಹಾಕಲು ಹತ್ತು ನಿಮಿಷ ಹೆಣಗುವಾಗ ಕೈ ಹಾಕದೆ ಕಾಯುವುದು.

ತಿಂಗಳು ಮುಗಿದಾಗ ಜಳಕ, ಚಹಾ ಎರಡೂ ನನ್ನ ಕೈಗೆ ಬಂದಿದ್ದವು. ತುಂಬಿದ ಕೊಡ ಈಗಲೂ ಎತ್ತಲಾಗುವುದಿಲ್ಲ. ಅದನ್ನು ಪಕ್ಕದ ಮನೆಯವರು ತಂದುಕೊಡುತ್ತಾರೆ. ಬೇಕಾದಲ್ಲಿ ನೆರವು ಕೇಳುವುದರಲ್ಲಿ ನಾಚಿಕೆಯಿಲ್ಲ. ಹಿರಿಯರಿಗಾಗಿ 14567 ಎಂಬ ಉಚಿತ ಸಹಾಯವಾಣಿಯೂ ಇದೆ. ಮಕ್ಕಳೇ, ಆ ಸಂಖ್ಯೆಯನ್ನು ಅಜ್ಜ-ಅಜ್ಜಿಯ ಫೋನಿನಲ್ಲಿ ಇಂದೇ ಉಳಿಸಿಡಿ. ನಾಳೆ ಅವರು ಕುರ್ಚಿಯಿಂದ ಏಳುವಾಗ ರಟ್ಟೆ ಹಿಡಿದು ಎಳೆಯಬೇಡಿ. ಪಕ್ಕದಲ್ಲಿ ನಿಂತು, "ಕೈ ಕೊಡಲೇನು?" ಎಂದು ಮೊದಲು ಕೇಳಿ.