ಗಾಡಿ ಎತ್ತಿಸಿದರೆ ಎರಿ ಹೊಲ ದಾಟುತ್ತದೆಯೇ?

"ಎರಡ ಇಂಚ ಎತ್ತಿಸ್ರಿ ಸಾಹೇಬ್ರ, ಆಮ್ಯಾಗ ಎಲ್ಲಿ ಹೊಡದ್ರೂ ಸಿಗಬೀಳಂಗಿಲ್ಲ." ಉಮರ್ಗಾ, ನಿಲಂಗಾ, ಉದಗೀರದ ಕಡೆ ಥಾರ್, ಜಿಮ್ನಿ, ಬೊಲೆರೊ ಇಟ್ಟುಕೊಂಡವರಿಗೆ ಈ ಉಪದೇಶ ಪುಕ್ಕಟೆ ಸಿಗುತ್ತದೆ. ಉಮರ್ಗಾ ಸಮೀಪದ ಸಾಸ್ತೂರದ ಸುತ್ತ ಇಂಥ ಗಾಡಿಗೆ ಎರಡು ಬಾಳು. ಮಳೆಗಾಲದಲ್ಲಿ ಹೊಲದ ದಾರಿಯ ಕರಿ ರಾಡಿ. ಉಮರ್ಗಾಕ್ಕೆ ಇಳಿದರೆ 65ನೇ ರಾಷ್ಟ್ರೀಯ ಹೆದ್ದಾರಿ, ಒಂದು ಕಡೆ ಸೊಲ್ಲಾಪುರ, ಇನ್ನೊಂದು ಕಡೆ ಹುಮನಾಬಾದ್, ಹೈದರಾಬಾದ್. 1993ರ ಸೆಪ್ಟೆಂಬರ್ 30ರ ಭೂಕಂಪದ ನಂತರ ಇಲ್ಲಿ ಹೊಸದಾಗಿ ಕಟ್ಟಿದ ಊರುಗಳ ರಸ್ತೆಗಳು ಅಗಲವಾದವು, ಎರಿ ಮಣ್ಣು ಮಾತ್ರ ಮೊದಲಿನಂತೆಯೇ ಇದೆ. ಗಾಡಿ ಎತ್ತರ ಇರಲಿ ಎಂಬ ಆಸೆ ಹುಟ್ಟುವುದು ಇಲ್ಲಿಂದಲೇ. ಆದರೆ ಎತ್ತಿಸಿದಾಗ ನಿಜವಾಗಿ ಏನು ಮೇಲೇರುತ್ತದೆ ಎಂದು ಕೇಳುವವರು ಕಡಿಮೆ.

ಸ್ಪ್ರಿಂಗ್ ಉದ್ದ ಮಾಡಿದರೆ ಇಡೀ ಗಾಡಿ ನೆಲ ಬಿಟ್ಟು ಮೇಲೇಳುತ್ತದೆ ಎಂಬುದು ಮೊದಲನೆಯ ತಪ್ಪು ತಿಳಿವಳಿಕೆ. ಏಳುವುದು ಬಾಡಿ ಮತ್ತು ಛಾಸಿ ಮಾತ್ರ. ಥಾರ್, ಬೊಲೆರೊಗಳ ಹಿಂದೆ, ಜಿಮ್ನಿಯ ಹಿಂದೆ ಮುಂದೆ ಎರಡೂ ಕಡೆ ಗಟ್ಟಿ ಎಕ್ಸೆಲ್ ಇದೆ. ಅದರ ನಡುವಿನ ಡಿಫರೆನ್ಷಿಯಲ್ ಹೌಸಿಂಗ್ ಗಾಲಿಯ ಜೊತೆಗೇ ಕೂತಿರುತ್ತದೆ. ಟ್ರ್ಯಾಕ್ಟರ್ ಕೊರೆದ ಗಾಲಿ ಜಾಡಿನಲ್ಲಿ ನಡುವಿನ ದಿಬ್ಬಕ್ಕೆ ತಾಗುವುದು ಸಾಮಾನ್ಯವಾಗಿ ಅದೇ. ನೀವು ನಾಲ್ಕು ಇಂಚು ಎತ್ತಿಸಿದರೂ ಅದು ಒಂದು ಕೂದಲೆಳೆಯಷ್ಟೂ ಮೇಲೇರದು. ಅದನ್ನು ಎತ್ತುವುದು ಟೈರ್ ಮಾತ್ರ. ಅದೂ ಅರ್ಧದ ಲೆಕ್ಕ. ಟೈರಿನ ವ್ಯಾಸ 50 ಮಿಲಿಮೀಟರ್ ಹೆಚ್ಚಾದರೆ ಎಕ್ಸೆಲ್ ಏರುವುದು 25. ನಮ್ಮ ಎತ್ತಿನ ಬಂಡಿ ಕಟ್ಟಿದ ಬಡಿಗನಿಗೆ ಇದು ಗೊತ್ತಿತ್ತು. ಬಂಡಿಗೆ ಸ್ಪ್ರಿಂಗೇ ಇಲ್ಲ, ಗಾಲಿ ಆಳೆತ್ತರದ ಹತ್ತಿರ ಬರುತ್ತಿತ್ತು, ಅಚ್ಚು ರಾಡಿಯಿಂದ ಮೇಲೆ ನಿಲ್ಲುತ್ತಿತ್ತು.

ಹಾಗಾದರೆ ಗಾಡಿ ಎತ್ತಿಸುವುದು, ಅಂದರೆ ಲಿಫ್ಟ್, ದಂಡವೇ? ಅಲ್ಲ. ಹೊಲದ ಬದು ಅಥವಾ ಕಾಲುವೆಯ ಏರಿ ಹತ್ತಿ ಇಳಿಯುವಾಗ ಅದು ಕೆಲಸಕ್ಕೆ ಬರುತ್ತದೆ. ಐದು ಬಾಗಿಲಿನ ಜಿಮ್ನಿಗೆ ಮುಂದಿನ ಏರು ಕೋನ 36 ಡಿಗ್ರಿ, ಹಿಂದಿನದು 50, ಹೊಟ್ಟೆಯ ಕೆಳಗಿನದು ಬರೀ 24. ಬದುವಿನ ನೆತ್ತಿಯ ಮೇಲೆ ಹೊಟ್ಟೆ ಕೂತು ನಾಲ್ಕೂ ಗಾಲಿ ಹಿಡಿತ ಕಳೆದುಕೊಳ್ಳುವ ಫಜೀತಿ ನಿಮಗೆ ಪದೇಪದೇ ಆಗುತ್ತಿದ್ದರೆ ಒಂದೂವರೆ ಇಂಚು ಲಿಫ್ಟ್ ಸಾರ್ಥಕ.

ರಾಡಿಯಲ್ಲಿ ಹೂಳುವುದಕ್ಕೂ ಎತ್ತರಕ್ಕೂ ಇರುವ ನಂಟು ಇನ್ನೂ ಸಡಿಲ. ಎರಿ ಮಣ್ಣು ನೀರು ಕುಡಿದು ಉಬ್ಬುತ್ತದೆ, ಟೈರಿನ ಗೆರೆಗಳಲ್ಲಿ ತುಂಬಿಕೊಂಡು ಅದನ್ನು ಬೋಳು ಮಾಡಿಬಿಡುತ್ತದೆ. ಅಲ್ಲಿ ಬೇಕಾದದ್ದು ಮಣ್ಣನ್ನು ಕೊಡವಿಕೊಳ್ಳುವ ಬಿಡಿಬಿಡಿ ಗುಬ್ಬಿಯ ಟೈರು, ಲೋ ಗೇರಿನಲ್ಲಿ ನಿಲ್ಲಿಸದೆ ಹೋಗುವ ಕೈ, ಇದ್ದರೆ ಡಿಫರೆನ್ಷಿಯಲ್ ಲಾಕ್. ಎರಡು ದಿನ ಬಿಸಿಲು ಬೀಳಲಿ ಅನ್ನುವ ರೈತನ ತಾಳ್ಮೆ ಇವೆಲ್ಲಕ್ಕಿಂತ ಅಗ್ಗ.

ಈಗ ಹೆದ್ದಾರಿ. "ಎತ್ತರ ಆದ್ರೇನು, ರೋಡ್ ಸಪಾಟ ಅದ" ಅನ್ನುವವರನ್ನು ಕಬ್ಬಿನ ಹಂಗಾಮಿನಲ್ಲಿ ರಾತ್ರಿ ಒಮ್ಮೆ ಈ ದಾರಿಗೆ ಕರೆದುಕೊಂಡು ಬರಬೇಕು. ಹಿಂದೆ ದೀಪವಿಲ್ಲದ ಟ್ರ್ಯಾಕ್ಟರ್, ಅದಕ್ಕೆ ಎರಡು ಟ್ರಾಲಿ, ಪಕ್ಕಕ್ಕೆ ಚಾಚಿದ ಕಬ್ಬು. ಕಣ್ಣಿಗೆ ಬೀಳುವುದು ಕೊನೆಯ ಗಳಿಗೆಯಲ್ಲಿ. ಸ್ಟಿಯರಿಂಗ್ ಬಲಕ್ಕೆ ಎಳೆದು, ತಕ್ಷಣ ಎಡಕ್ಕೆ ತಿರುಗಿಸಬೇಕು. ಗಾಡಿ ಮಗುಚುವುದು ಆ ಎರಡನೆಯ ಎಳೆತಕ್ಕೆ.

ಲೆಕ್ಕ ಸುಲಭ. ಎಡ-ಬಲ ಗಾಲಿಗಳ ನಡುವಿನ ಅಗಲದ ಅರ್ಧವನ್ನು ಗಾಡಿಯ ಗುರುತ್ವ ಕೇಂದ್ರದ ಎತ್ತರದಿಂದ ಭಾಗಿಸಿ. ಅಮೆರಿಕದ ರಸ್ತೆ ಸುರಕ್ಷತಾ ಸಂಸ್ಥೆ ಗಾಡಿ ಮಗುಚುವ ಅಪಾಯ ಅಳೆಯಲು ಬಳಸುವ ಸಂಖ್ಯೆ ಇದೇ, ದೊಡ್ಡದಿದ್ದಷ್ಟೂ ಒಳ್ಳೆಯದು. ಅಗಲ 1500, ಎತ್ತರ 700 ಮಿಲಿಮೀಟರ್ ಅಂತ ಇಟ್ಟುಕೊಳ್ಳಿ: 1.07. ಎರಡು ಇಂಚು ಎತ್ತಿಸಿದಾಗ ಗಾಲಿ, ಎಕ್ಸೆಲ್‌ಗಳು ಏಳುವುದಿಲ್ಲವಾದ್ದರಿಂದ ಕೇಂದ್ರ 40 ಮಿಲಿಮೀಟರ್ ಏರಿತು ಅನ್ನೋಣ: 1.01. ನಾಲ್ಕು ಇಂಚಿಗೆ 0.96. ಒಣ ಡಾಂಬರಿನ ಮೇಲೆ ಟೈರಿನ ಹಿಡಿತ ಹೆಚ್ಚುಕಡಿಮೆ 0.8ರಿಂದ 0.9. ಸಂಖ್ಯೆ ಅದರ ಹತ್ತಿರಕ್ಕೆ ಇಳಿದಷ್ಟೂ ಗಾಡಿ ಜಾರುವ ಬದಲು ಉರುಳುವ ಸಂಭವ ಹೆಚ್ಚು. ಮೇಲೆ ಕ್ಯಾರಿಯರ್ ಹಾಕಿ ಚೀಲ ಹೇರಿದರೆ ಇನ್ನೂ ಕೆಡುತ್ತದೆ. ಗಾಡಿ ಹಿಡಿತ ತಪ್ಪದಂತೆ ಕಾಯುವ ಇಎಸ್‌ಪಿ ಇದೆಯಲ್ಲ ಅನ್ನಬೇಡಿ, ಅದನ್ನು ಹೊಂದಿಸಿದ್ದು ಕಂಪನಿಯ ಎತ್ತರಕ್ಕೆ.

ಅಗ್ಗದ ದಾರಿಯೂ ಉಂಟು: ಸ್ಪ್ರಿಂಗಿನ ಮೇಲೆ ಸ್ಪೇಸರ್, ಬೊಲೆರೊದ ಹಿಂದಿನ ಪಾಟಾಕ್ಕೆ ಇನ್ನೊಂದು ಎಲೆ. ಎತ್ತರ ಕಾಣುತ್ತದೆ, ಸಸ್ಪೆನ್ಷನ್ ಸುಧಾರಿಸುವುದಿಲ್ಲ. ಶಾಕ್ ಅಬ್ಸಾರ್ಬರ್ ಅದೇ ಹಳೆಯದು, ಅದಕ್ಕೆ ಕೆಳಗೆ ಇಳಿಯುವ ಜಾಗ ಕಡಿಮೆಯಾಗಿರುತ್ತದೆ. ಖಾಲಿ ಗಾಡಿ ಕುಟ್ಟಲು ಶುರು ಮಾಡುತ್ತದೆ. ಥಾರ್‌ನಂತೆ ಮುಂದಿನ ಗಾಲಿಗಳು ಬೇರೆಬೇರೆಯಾಗಿ ಆಡುವ ಗಾಡಿಯಲ್ಲಿ ಡ್ರೈವ್ ಶಾಫ್ಟಿನ ಕೋನ ಹೆಚ್ಚಿ ರಬ್ಬರ್ ಬೂಟ್ ಹರಿಯುತ್ತದೆ. ಒಳಗೆ ಎರಿ ಮಣ್ಣು ಹೊಕ್ಕರೆ ಜಾಯಿಂಟ್ ಬಾಳುವುದಿಲ್ಲ. ಜಿಮ್ನಿಯಲ್ಲಿ ಕಾಟ ಬೇರೆ: ಕ್ಯಾಸ್ಟರ್ ಕೋನ ತಗ್ಗಿ ಸ್ಟಿಯರಿಂಗ್ ತಾನಾಗಿ ನೇರಕ್ಕೆ ಬರುವುದನ್ನು ಮರೆಯುತ್ತದೆ, ಎಕ್ಸೆಲನ್ನು ಅಡ್ಡಲಾಗಿ ಹಿಡಿದಿಡುವ ಪ್ಯಾನ್‌ಹಾರ್ಡ್ ರಾಡ್ ಅದನ್ನು ಒಂದು ಬದಿಗೆ ಎಳೆಯುತ್ತದೆ.

ದೊಡ್ಡ ಟೈರ್ ಹಾಕಿದವರ ಮೀಟರು ಸುಳ್ಳು ಹೇಳುತ್ತದೆ. ವ್ಯಾಸ ನೂರಕ್ಕೆ ಐದು ಹೆಚ್ಚಿದ್ದರೆ, ಮೀಟರು ನಿಜದ ವೇಗವನ್ನೇ ತೋರಿಸುತ್ತಿದ್ದ ಗಾಡಿಯಲ್ಲಿ ಮುಳ್ಳು 100ರಲ್ಲಿದ್ದಾಗ ನೀವು ಓಡುತ್ತಿರುವುದು 105ರಲ್ಲಿ.

"ಎಲ್ಲಾರೂ ಮಾಡಸ್ತಾರ, ಯಾರ ಕೇಳತಾರ" ಎಂಬುದಕ್ಕೆ ಕಾನೂನು ಒಪ್ಪುವುದಿಲ್ಲ. ನಂಬರ್ ಪ್ಲೇಟ್ ಉಮರ್ಗಾ ಕಡೆಯ ಎಂಎಚ್ 25 ಇರಲಿ, ಬೀದರಿನ ಕೆಎ 38 ಇರಲಿ, ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಒಂದೇ. ಕಂಪನಿಯ ಮೂಲ ವಿವರಕ್ಕೆ ಹೊಂದದ ಮಾರ್ಪಾಡು ಸಲ್ಲದು ಎಂದು ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಹೇಳಿದೆ. ಅದೇ ವರ್ಷದ ತಿದ್ದುಪಡಿಯಂತೆ ಅನುಮತಿಯಿಲ್ಲದ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಜೈಲು, ಇಲ್ಲವೆ ಎರಡೂ. ಅಪಘಾತವಾದಾಗ ವಿಮಾ ಕಂಪನಿಯೂ ಇದನ್ನೇ ಹಿಡಿದು ತಕರಾರು ತೆಗೆಯಬಹುದು.

ಆದ್ದರಿಂದ ನನ್ನ ಸಲಹೆ ಇಷ್ಟು: ಮೊದಲು ಕಂಪನಿ ಅಳತೆಯ ಒಳ್ಳೆಯ ಆಲ್ ಟೆರೇನ್ ಟೈರ್ ಹಾಕಿ ಒಂದು ಮಳೆಗಾಲ ಓಡಿಸಿ, ನೆಲಕ್ಕೆ ತಾಗುವುದು ಯಾವ ಭಾಗ ಅಂತ ಬಗ್ಗಿ ನೋಡಿ. ಹೊಟ್ಟೆಯೇ ತಾಗುತ್ತಿದ್ದರೆ ಮುಂದಿನ ಮಾತು. ಆರ್‌ಟಿಒದಲ್ಲಿ ವಿಚಾರಿಸಿ, ವಿಮಾ ಕಂಪನಿಗೆ ಬರೆದು ತಿಳಿಸಿ, 40-50 ಮಿಲಿಮೀಟರ್ ಮೀರದಂತೆ ಸ್ಪ್ರಿಂಗ್ ಮತ್ತು ಶಾಕ್ ಎರಡನ್ನೂ ಜೋಡಿಯಾಗಿ ಬದಲಿಸಿ. ಬ್ರೇಕ್ ಪೈಪು ಬಿಗಿಯಾಗಿ ಎಳೆಯುತ್ತಿಲ್ಲವೇ ಎಂದು ಗಾಲಿ ಜೋತು ಬಿಟ್ಟು ನೋಡಿ, ಅಲೈನ್‌ಮೆಂಟ್ ಮಾಡಿಸಿ. ಹೆಡ್‌ಲೈಟನ್ನೂ ತಗ್ಗಿಸಬೇಕು, ಇಲ್ಲದಿದ್ದರೆ ಬೆಳಕು ಎದುರಿನವರ ಕಣ್ಣಿಗೆ ಹೊಡೆಯುತ್ತದೆ. ಸ್ಕ್ರೂ ತಿರುಗಿಸುವ ಐದು ನಿಮಿಷದ ಕೆಲಸ ಅದು, ಗ್ಯಾರೇಜಿನಿಂದ ಗಾಡಿ ಹೊರಗೆ ಬರುವ ಮೊದಲೇ ಮಾಡಿಸಿಕೊಳ್ಳಿ.