ಜೋಡಿ ಮೂಲಿಕೆಗಳು: ಹಳೆಯ ತೂಕಕ್ಕೆ ಹೊಸ ಒರೆಗಲ್ಲು

ಚೀನೀ ವೈದ್ಯಪದ್ಧತಿಯಲ್ಲಿ ಮೂಲಿಕೆಯನ್ನು ಒಂಟಿಯಾಗಿ ಕೊಡುವುದು ವಿರಳ. ಎರಡನ್ನು ನಿಗದಿತ ಪ್ರಮಾಣದಲ್ಲಿ ಕೂಡಿಸಿದರೆ ಅದಕ್ಕೆ ಅಲ್ಲಿ 'ಯಾವೊದುಯ್', ಅಂದರೆ ಔಷಧ ಜೋಡಿ, ಎಂದು ಹೆಸರು. ಈ ಪ್ರಮಾಣಗಳು ಬರಿಯ ರೂಢಿಯೋ ಅಥವಾ ಅವುಗಳ ಹಿಂದೆ ಕಾರಣವಿದೆಯೋ ಎಂಬುದು ಮೂಲಿಕೆಗಳ ವ್ಯಾಪಾರಿಗಳಿಗೂ ತಯಾರಕರಿಗೂ ಹಣಕಾಸಿನ ಪ್ರಶ್ನೆಯೇ ಆಗಿದೆ.

ವೈದ್ಯ ಲಿ ದೊಂಗ್‌ಯುವಾನ್ 1247ರಲ್ಲಿ ದಾಖಲಿಸಿದ 'ದಾಂಗ್‌ಗುಯ್ ಬುಷುಯೆ ತಾಂಗ್' ಕಷಾಯದಲ್ಲಿರುವುದು ಎರಡೇ ಬೇರು: ಹುವಾಂಗ್‌ಚಿ ಐದು ಪಾಲು, ದಾಂಗ್‌ಗುಯ್ ಒಂದು ಪಾಲು. ಹೆಸರು ದಾಂಗ್‌ಗುಯ್‌ನದಾದರೂ ತೂಕ ಹುವಾಂಗ್‌ಚಿಯದು! ಹಾಂಗ್‌ಕಾಂಗ್ ವಿಜ್ಞಾನ ಮತ್ತು ತಂತ್ರಜ್ಞಾನ ವಿಶ್ವವಿದ್ಯಾಲಯದ ಸಂಶೋಧಕರು ಈ ಎರಡು ಬೇರುಗಳನ್ನು ಬೇರೆಬೇರೆ ಪ್ರಮಾಣಗಳಲ್ಲಿ ಕುದಿಸಿ, ಕಷಾಯಕ್ಕಿಳಿದ ರಾಸಾಯನಿಕಗಳನ್ನು ಅಳೆದು 2006ರಲ್ಲಿ ಫಲಿತಾಂಶ ಪ್ರಕಟಿಸಿದರು. ಹುವಾಂಗ್‌ಚಿಯ ಆಸ್ಟ್ರಾಗಲೊಸೈಡ್ ಹಾಗೂ ಐಸೊಫ್ಲೇವೊನ್‌ಗಳು, ದಾಂಗ್‌ಗುಯ್‌ನ ಫೆರುಲಿಕ್ ಆಮ್ಲ ಇವು ಹೇರಳವಾಗಿ ದೊರೆತದ್ದು ಆ ಹಳೆಯ 5:1ರಲ್ಲಿಯೇ. ದಾಂಗ್‌ಗುಯ್‌ನ ಫೆರುಲಿಕ್ ಆಮ್ಲವು ಹುವಾಂಗ್‌ಚಿಯ ಅಂಶಗಳು ನೀರಿಗಿಳಿಯಲು ನೆರವಾಗುವುದೆಂದು ಅದೇ ತಂಡದ ಮುಂದಿನ ಅಧ್ಯಯನ ಸೂಚಿಸಿತು. ಇವು ಪಾತ್ರೆಯ ಹಾಗೂ ಜೀವಕೋಶಗಳ ಮಟ್ಟದ ಪರೀಕ್ಷೆಗಳು. ರೋಗಿಯ ಮೇಲಿನ ಪರಿಣಾಮಕ್ಕೆ ಬೇರೆಯೇ ಪುರಾವೆ ಬೇಕು.

ಇನ್ನೊಂದು ಜೋಡಿಯಲ್ಲಿ ಕೆಲಸ ತದ್ವಿರುದ್ಧ. ನಮ್ಮ ವತ್ಸನಾಭಿಯ ಕುಲದ ಫುಜ಼ಿಯಲ್ಲಿ ಅಕೊನಿಟಿನ್ ಎಂಬ ತೀವ್ರ ವಿಷವಿದೆ. ದೀರ್ಘಕಾಲ ಕುದಿಸಿದಾಗ ಅದು ಒಡೆದು ಸೌಮ್ಯವಾಗುತ್ತದೆ. ಜತೆಗೆ ಜ್ಯೇಷ್ಠಮಧುವನ್ನು ಹಾಕಿದರೆ ಅದರ ಗ್ಲಿಸಿರೈಜಿಕ್ ಆಮ್ಲವು ಉಳಿದ ವಿಷಾಂಶದೊಡನೆ ಬೆಸೆದುಕೊಳ್ಳುತ್ತದೆ. ಗ್ರಂಥಿಗೆ ಅಂಗಡಿಯಲ್ಲಿ ಸಿಹಿಬೇರೆಂದು ತೂಗಿ ಕೊಡುವ ಸರಕಿಗೆ ಇಲ್ಲಿ ಕಾವಲುಗಾರನ ಕೆಲಸ.

ತಯಾರಕರು ಗಮನಿಸಬೇಕಾದ ತೊಡಕು ಇಲ್ಲಿಯೇ ಇದೆ. ಒಂದೊಂದೇ ಮೂಲಿಕೆಯ ಸಾರವನ್ನು ಬೇರೆಬೇರೆ ತೆಗೆದು, ಪುಡಿಗಳನ್ನು ಆಮೇಲೆ ಬೆರೆಸುವುದು ಅಗ್ಗ, ಅನುಕೂಲ. ಆದರೆ ಕೂಡಿ ಕುದಿಯುವಾಗ ನಡೆಯುವ ಕ್ರಿಯೆ ಆ ಬೆರಕೆಯಲ್ಲಿ ನಡೆಯುವುದಿಲ್ಲ. ಚೀನಾದಲ್ಲಿ ಒಂಟಿ ಮೂಲಿಕೆಯ ಕಣರೂಪದ ಸರಕಿನ ಉದ್ಯಮವು 2021ರ ನವೆಂಬರ್‌ನಲ್ಲಿ ಪ್ರಾಯೋಗಿಕ ಹಂತ ದಾಟಿತಾದರೂ ಈ ವಾದ ಅಲ್ಲಿ ಹಳೆಯದು. ಎರಡು ಪುಡಿಗಳ ವಿಶ್ಲೇಷಣಾ ಪತ್ರಗಳನ್ನು ಪಿನ್ನು ಹಾಕಿ ಜೋಡಿಸಿದರೆ ಜೋಡಿಯ ಪತ್ರವಾಗದು. ಸಿದ್ಧ ಸರಕನ್ನೇ ಪರೀಕ್ಷಿಸಬೇಕು.

ಬೇರೇ ತಪ್ಪಾದರೆ ಯಾವ ಪ್ರಮಾಣವೂ ಕಾಯದು. ಬೆಲ್ಜಿಯಮ್‌ನಲ್ಲಿ 1990ರ ದಶಕದ ಆರಂಭದಲ್ಲಿ ತೂಕ ಇಳಿಸುವ ಮಾತ್ರೆಗಳಿಗೆ ಫಾಂಗ್‌ಜಿಯ ಬದಲು ಹೆಸರಿನಲ್ಲಿ ಹೋಲುವ ಗುವಾಂಗ್ ಫಾಂಗ್‌ಜಿ ಸೇರಿಹೋಯಿತು. ಅದರಲ್ಲಿದ್ದ ಅರಿಸ್ಟೊಲೊಕಿಕ್ ಆಮ್ಲದಿಂದ ನೂರಕ್ಕೂ ಹೆಚ್ಚು ಮಹಿಳೆಯರ ಮೂತ್ರಪಿಂಡಗಳು ಹಾನಿಗೊಂಡವು. ನಮ್ಮ ಈಶ್ವರಿ ಬಳ್ಳಿಯೂ ಇದೇ ಅರಿಸ್ಟೊಲೊಕಿಯ ಕುಲದ್ದು. ಖರೀದಿ ಬಿಲ್ಲಿನಲ್ಲಿ ರೂಢಿಯ ಹೆಸರಿನ ಪಕ್ಕದಲ್ಲಿ ಸಸ್ಯಶಾಸ್ತ್ರೀಯ ಹೆಸರನ್ನೂ ಬರೆಸಿಕೊಳ್ಳುವುದಕ್ಕೆ ಖರ್ಚೇನೂ ಇಲ್ಲ.